ಕಂದೀಲು ಯಾವ ಕೈಯಲ್ಲಿತ್ತು

ಅಕ್ಕನ ಕಣ್ಣು ಪೂರ್ತಿ ಹೋಗುವ ಮೊದಲು ಆಕೆಯನ್ನು ಒಂದು ಸಲ ಪರದೇಶದ ಕಾಮಿಕ್ಸ್ ಮೇಳಕ್ಕೆ ಕರೆದೊಯ್ಯಬೇಕು ಎಂದು ಮನೆಯಲ್ಲಿ ಮಾತಾಯಿತು. ಯಾವ ದೇಶದ ಮೇಳ ಎಂದು ಗೊತ್ತುಮಾಡುವ ಕೆಲಸ ನನಗೆ ಬಂತು. ಮನೆಯಲ್ಲಿ ಎಂ.ಎ. ಮಾಡಿದವನು ನಾನೊಬ್ಬನೇ. ಆ ಕೆಲಸವನ್ನು ಅವರಾಗಿ ಕೊಟ್ಟರೋ, ನಾನಾಗಿ ಕಿತ್ತುಕೊಂಡೆನೋ, ಈಗ ಖಚಿತವಾಗಿ ಹೇಳಲಾರೆ. ಕಿತ್ತುಕೊಂಡೆ ಎಂದೇ ಅನುಮಾನ.

ಅಕ್ಕ ಇರುವುದು ಲಕ್ಷ್ಮೇಶ್ವರದಲ್ಲಿ. ಮಾವ, ಅಂದರೆ ಅಕ್ಕನ ಗಂಡ, ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅಕ್ಕ ದಿನಾ ಬಸ್ಸಿನಲ್ಲಿ ಶಿರಹಟ್ಟಿಗೆ ಹೋಗಿ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಮೊದಲು ಸಂಜೆಯ ಬಸ್ಸಿನ ಬೋರ್ಡು ಕಾಣದಾಯಿತು. ಆಮೇಲೆ ಪಕ್ಕದ ಸೀಟಿನಲ್ಲಿ ಕೂತವರು ಕಾಣದಾದರು. ಒಂದು ದಿನ ತರಗತಿಯಲ್ಲಿ ಕರಿಹಲಗೆಯ ಮೇಲೆ ಕುದುರೆಯ ತಲೆ ಬರೆದು, ಬಾಲ ಬರೆಯಲು ಸರಿದಾಗ ತಲೆ ಎಲ್ಲಿ ಹೋಯಿತೆಂದು ಹುಡುಕಿದಳಂತೆ. ಮಕ್ಕಳು ನಕ್ಕರು. ಆಕೆಯೂ ನಕ್ಕಳು. ಮರುವಾರ ರಜೆ ಬರೆದುಕೊಟ್ಟಳು.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಆಕೆಯ ಮುಖವನ್ನು ಬೋಗುಣಿಯಂಥ ಒಂದು ಯಂತ್ರದೊಳಗೆ ಇಡಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿಸಿದರು. ಯಂತ್ರ ಒಂದು ಕಾಗದ ಕೊಟ್ಟಿತು. ತುಂಬ ಸಣ್ಣ ಸಣ್ಣ ಚೌಕಗಳು. ಕಾಣುವ ಜಾಗ ಬಿಳಿ, ಕಾಣದ ಜಾಗ ಕಪ್ಪು. ಸುತ್ತ ಕಪ್ಪಾಗಿ ನಡುವೆ ಬಿಳಿಯ ಒಂದು ಮಚ್ಚೆ ಉಳಿದಿತ್ತು. ಇದಕ್ಕೆ ಔಷಧವಿಲ್ಲ, ಆ ಬಿಳಿ ಇನ್ನೂ ಸಣ್ಣದಾಗುತ್ತ ಹೋಗುತ್ತದೆ, ಎಷ್ಟು ತಿಂಗಳು ಎಂದು ಹೇಳಲಾಗದು ಎಂದರು. ಅಕ್ಕ ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಯಾರೋ ದಡಿ ಡಿಜೈನ್ ತುಂಬಿದಂಗ ಐತಿ ನೋಡೋ. ನಡುವ ಬಂದು ಕೈ ಬಿಟ್ಟಾರ."

ನಾವು ಬೆಟಗೇರಿಯ ನೇಕಾರರು. ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಹೂವೋ ಹಕ್ಕಿಯೋ ಬರಬೇಕಾದರೆ ಮೊದಲು ಗ್ರಾಫ್ ಹಾಳೆಯ ಮೇಲೆ ಅದನ್ನು ಒಂದೊಂದೇ ಚೌಕ ತುಂಬಿ ಬರೆಯಬೇಕು. ಆ ಚೌಕಕ್ಕೆ ನಮ್ಮಲ್ಲಿ ಮನಿ ಎನ್ನುತ್ತಿದ್ದರು. ಹನ್ನೆರಡು ವರ್ಷಕ್ಕೇ ಅಕ್ಕ ಒಂದು ಮನಿಯೂ ತಪ್ಪದಂತೆ ತುಂಬುತ್ತಿದ್ದಳು. ನನ್ನ ಕೆಲಸ ಕಂಡಿಕೆಗೆ ನೂಲು ಸುತ್ತುವುದು, ಅಪ್ಪ ಕರೆದಾಗ ಮಗ್ಗದ ಕೆಳಗೆ ಕನ್ನಡಿ ಹಿಡಿಯುವುದು.

ಆ ಪುಸ್ತಕ ಬಂದದ್ದು ಆ ಕಾಲದಲ್ಲಿ. ಸೀರೆಯ ಮಡಿಕೆಗಳ ನಡುವೆ ಇಡಲು ಅಪ್ಪ ರದ್ದಿ ಅಂಗಡಿಯಿಂದ ಕಾಗದದ ಕಟ್ಟು ತರುತ್ತಿದ್ದರು. ಯಾವ ಯಾವ ದೇಶದ್ದೋ ಪತ್ರಿಕೆಗಳು ಅದರಲ್ಲಿ ಇರುತ್ತಿದ್ದವು. ಒಂದು ಕಟ್ಟಿನಲ್ಲಿ ಮೇಲುಹೊದಿಕೆ ಹರಿದ, ಕಪ್ಪುಬಿಳುಪು ಚಿತ್ರಕಥೆಯ ಪುಸ್ತಕವೊಂದು ಸಿಕ್ಕಿತು. ಉದ್ದ ಕೋಟು ತೊಟ್ಟ ಹುಡುಗಿಯೊಬ್ಬಳು ಕಂದೀಲು ಹಿಡಿದು, ಕಳೆದುಹೋದ ಆಡನ್ನು ಹುಡುಕುತ್ತ ಮನೆಯಿಂದ ಮನೆಗೆ ಹೋಗುತ್ತಾಳೆ. ಭಾಷೆ ನಮಗೆ ಗೊತ್ತಿಲ್ಲ. ಅಕ್ಕ ಆ ಹುಡುಗಿಯ ಬಾಯಲ್ಲಿ ಬೆಟಗೇರಿಯ ಮಾತು ಹಾಕಿ ನನಗೆ ಓದಿ ಹೇಳುತ್ತಿದ್ದಳು. ಆ ಹುಡುಗಿ ಸಿಕ್ಕ ಸಿಕ್ಕವರನ್ನು ಬೈಯುತ್ತಿದ್ದಳು ಎಂಬುದು ನನಗೆ ನೆನಪಿದೆ. ಅಕ್ಕನ ಪ್ರಕಾರ ಆಕೆ ಯಾರನ್ನೂ ಬೈಯಲೇ ಇಲ್ಲ. ಪುಸ್ತಕಕ್ಕೆ ಗೆದ್ದಲು ಹತ್ತಿತು ಎಂದು ನಾನು, ನೂಲಿಗೆ ಹಚ್ಚುವ ಗಂಜಿ ಚೆಲ್ಲಿ ಹಾಳೆಗಳು ಅಂಟಿ ಹೋದವು ಎಂದು ಆಕೆ. ಅಂತೂ ಪುಸ್ತಕ ಹೋಯಿತು.

ಅಕ್ಕ ಚಿತ್ರ ಕಲಿತದ್ದು, ಕಲಿಸಿದ್ದು ಎಲ್ಲ ಆ ಹುಡುಗಿಯಿಂದ. ಆದ್ದರಿಂದ ಮೇಳಕ್ಕೆ ಹೋಗುವ ಮಾತು ಬಂದಾಗ ಆಕೆಗೆ ಬೇಕಾದದ್ದು ಒಂದೇ ಆಗಿತ್ತು.

"ಊರು ತೋರಸಬ್ಯಾಡ ನನಗ," ಅಂದಳು. "ಅದನ್ನ ಬರದವರ ಮುಂದ ನಿಲ್ಲಸು. ಅವರು ಇರದಿದ್ರ ಅವರ ದೇಶದ ಚಿತ್ರ ಬರಿಯವರ ಮುಂದ. ಈ ಹುಡುಗಿ ಯಾರಂತ ಗೊತ್ತೇನ್ರಿ ಅಂತ ಕೇಳ್ತೀನಿ. ಒಮ್ಮೆ ಆಕಿನ್ನ ನೋಡಿದ್ರ ಆತು."

ಅಂದರೆ ಪುಸ್ತಕ ಯಾವ ದೇಶದ್ದು ಎಂದು ಮೊದಲು ಗೊತ್ತಾಗಬೇಕು. ಮೊಬೈಲಿನಲ್ಲಿ ಹುಡುಕಿ ಹುಡುಕಿ ಎರಡು ಮೇಳ ಉಳಿದವು. ಒಂದು ಫ್ರಾನ್ಸಿನ ಸಣ್ಣ ಊರಿನಲ್ಲಿ, ಜನವರಿಯ ಚಳಿಯಲ್ಲಿ. ಇನ್ನೊಂದು ಜಪಾನಿನಲ್ಲಿ, ಆಗಸ್ಟಿನ ಸೆಕೆಯಲ್ಲಿ. ನಾವು ಮಾತಾಡುತ್ತಿದ್ದುದು ಶ್ರಾವಣದಲ್ಲಿ. ಆ ವರ್ಷದ ಜಪಾನಿನ ಮೇಳ ಅಷ್ಟು ಹೊತ್ತಿಗೆ ಮುಗಿದಿತ್ತು. ಫ್ರಾನ್ಸ್ ಆದರೆ ಐದು ತಿಂಗಳು, ಜಪಾನ್ ಆದರೆ ಪೂರ್ತಿ ಒಂದು ವರ್ಷ.

ಅಕ್ಕ ಫ್ರಾನ್ಸ್ ಎಂದಳು. ಅಕ್ಷರಗಳು ಎಬಿಸಿಡಿಯೇ, ಆದರೆ ಇಂಗ್ಲಿಷ್ ಅಲ್ಲ, ಕೆಲವು ಅಕ್ಷರಗಳ ಮೇಲೆ ಸಣ್ಣ ಟೊಪ್ಪಿಗೆ ಇತ್ತು ಎಂದಳು. ನನ್ನ ನೆನಪಿನಲ್ಲಿ ಅಕ್ಷರಗಳು ಮೇಲಿನಿಂದ ಕೆಳಗೆ ಕಂಬದಂತೆ ಇಳಿಯುತ್ತಿದ್ದವು. ಆ ಟೊಪ್ಪಿಗೆಯನ್ನು ಆಕೆ ಇತ್ತೀಚೆಗೆ ಮೊಬೈಲಿನಲ್ಲಿ ನೋಡಿ ಹಳೆಯ ಪುಸ್ತಕಕ್ಕೆ ತೊಡಿಸಿರಬೇಕು ಎಂದೆ. ಧಾರವಾಡದಲ್ಲಿ ಇತಿಹಾಸ ಓದಿ, ಮೂರು ಕೆಲಸ ಬಿಟ್ಟು, ಈಗ ಗದಗಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿರುವವನು ನಾನು. ನೆನಪು ಸಾಕ್ಷಿಯಲ್ಲ, ಕೊನೆಯ ಸಲ ಹೇಳಿಕೊಂಡ ಕಥೆ ಮಾತ್ರ ಎಂದು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ನನ್ನ ಕಂಬದ ಅಕ್ಷರಗಳೂ ಹಾಸ್ಟೆಲಿನಲ್ಲಿ ಯಾರದೋ ಮೇಜಿನ ಮೇಲೆ ಕಂಡವು ಇರಬಹುದು ಎಂದು ಒಪ್ಪಿಕೊಂಡೆ. ಹಾಗಾದರೆ ಇಬ್ಬರ ನೆನಪೂ ಬೇಡ, ಸಾಕ್ಷ್ಯ ಹುಡುಕೋಣ ಎಂದೆ. ಆಗ ನನಗೆ ನನ್ನ ಬಗ್ಗೆ ಹೆಮ್ಮೆ ಆಗಿತ್ತು. ಅದು ಮಾತ್ರ ಚೆನ್ನಾಗಿ ನೆನಪಿದೆ.

ಸಾಕ್ಷ್ಯ ಸಿಕ್ಕಿದ್ದು ಮುಂಡರಗಿಯಲ್ಲಿ, ಅಪ್ಪನ ತಂಗಿಯ ಮನೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಮನೆಯ ಹಳೆಯ ಗ್ರಾಫ್ ಹಾಳೆಗಳನ್ನು ಅತ್ತೆ ಒಯ್ದು ಟ್ರಂಕಿನ ತಳಕ್ಕೆ ಹಾಸಿದ್ದಳು. ಚಳಿಗಾಲದ ಹೊದಿಕೆಗಳನ್ನೆಲ್ಲ ಎತ್ತಿ ಕೆಳಗಿನ ಹಾಳೆ ತೆಗೆದರೆ, ಹಂಸಗಳ ಮತ್ತು ರುದ್ರಾಕ್ಷಿಯ ಡಿಜೈನುಗಳ ನಡುವೆ ಆ ಹುಡುಗಿ ಇದ್ದಳು. ಅಕ್ಕ ಪುಸ್ತಕದ ಒಂದು ಪುಟವನ್ನು ಪೂರ್ತಿಯಾಗಿ, ಮನಿಮನಿ ತುಂಬಿ, ಗ್ರಾಫಿನ ಮೇಲೆ ಇಳಿಸಿದ್ದಳು. ಆರು ಚಿತ್ರಗಳು. ಮಾತಿನ ಗುಳ್ಳೆಗಳು ಖಾಲಿ. ಅಷ್ಟು ಸಣ್ಣ ಅಕ್ಷರ ಚೌಕಗಳಲ್ಲಿ ಬರುವುದಿಲ್ಲ.

ಅತ್ತೆಯ ಕಟ್ಟೆಯ ಮೇಲೆ ಕೂತು ನೋಡಿದೆ. ಮೇಲಿನ ಸಾಲಿನಲ್ಲಿ ಹುಡುಗಿ ಮೆಟ್ಟಿಲು ಹತ್ತುತ್ತಾಳೆ. ಬಲಗಡೆಯ ಚಿತ್ರದಲ್ಲಿ ಮೆಟ್ಟಿಲಿನ ಬುಡದಲ್ಲಿದ್ದಾಳೆ, ನಡುವಿನದರಲ್ಲಿ ಅರ್ಧ ಹತ್ತಿದ್ದಾಳೆ, ಎಡಗಡೆಯದರಲ್ಲಿ ಮೇಲೆ ಮುಟ್ಟಿದ್ದಾಳೆ. ಕೆಳಗಿನ ಸಾಲೂ ಹಾಗೆಯೇ, ಬಲದಿಂದ ಎಡಕ್ಕೆ. ಕೊನೆಗೆ ಎಡ ಮೂಲೆಯಲ್ಲಿ ಬಾಗಿಲು ತೆರೆಯುತ್ತಾಳೆ. ಬಲದಿಂದ ಎಡಕ್ಕೆ ಚಿತ್ರಕಥೆ ಓದುವವರು ಜಪಾನಿನವರು. ಇನ್ನೇನು ಬೇಕು? ಅಂದೇ ಬಸ್ಸು ಹಿಡಿದು ಲಕ್ಷ್ಮೇಶ್ವರಕ್ಕೆ ಹೋದೆ.

ಅಕ್ಕ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಮೂಲೆ ಸರಿಸುತ್ತ ನೋಡಿದಳು. ಇಡೀ ಹಾಳೆ ಒಟ್ಟಿಗೆ ಆಕೆಗೆ ಕಾಣುತ್ತಿರಲಿಲ್ಲ. ಇದು ತನ್ನದೇ ಕೈ ಎಂದಳು. ಪುಸ್ತಕದಲ್ಲಿ ಇದ್ದ ಹಾಗೆಯೇ ತೆಗೆದೆಯಾ ಎಂದು ಕೇಳಿದೆ. ಇದ್ದ ಹಾಗೆಯೇ ತೆಗೆದಿದ್ದೇನೆ, ಬೇರೆ ಯಾಕೆ ತೆಗೆಯಲಿ ಎಂದಳು. ಆಮೇಲೆ ಬೆರಳು ಕಂದೀಲಿನ ಮೇಲೆ ನಿಂತಿತು.

"ಇದು ಬಲಗೈಯಾಗ ಇತ್ತಲ್ಲೋ."

ನಾನು ನಕ್ಕೆ. ಹಾಳೆಯಲ್ಲಿ ಎಡಗೈಯಲ್ಲಿದೆ, ನೀನೇ ಬರೆದದ್ದು, ನೆನಪು ಹೇಗೆ ಮೋಸ ಮಾಡುತ್ತದೆ ನೋಡು ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ತರಗತಿಯಲ್ಲಿ ಹೇಳಲು ಒಳ್ಳೆಯ ಉದಾಹರಣೆ ಎಂದು ಡೈರಿಯಲ್ಲಿ ಬರೆದುಕೊಂಡೆ. ಮಾವ ಗಿರಣಿಯಿಂದ ಮೈತುಂಬ ಹಿಟ್ಟು ಮಾಡಿಕೊಂಡು ಬಂದು, ಎರಡೂ ಕಡೆ ಕೇಳಿ, ಒಂದು ವರ್ಷ ಕಾಯುವುದು ಹೆಚ್ಚಾಗುತ್ತದಲ್ಲವೇ ಎಂದರು. ಜನವರಿಗೆ ಹೋಗಿ ತಪ್ಪು ಮನೆಯ ಬಾಗಿಲು ಬಡಿಯುವುದಕ್ಕಿಂತ ಕಾಯುವುದು ಮೇಲು ಎಂದು ನಾನು ಹೇಳಿದೆನಂತೆ. ಇದು ಮಾವ ಹೇಳುವುದು. ನಾನು ಅಂಥ ಮಾತು ಆಡುವವನೇ.

ಅಕ್ಕ ಕಂದೀಲಿನ ಮೇಲಿಂದ ಬೆರಳು ತೆಗೆದಳು.

"ನೀ ಓದಿದಾವ. ನೀ ಹೇಳ್ತಿ ಅಂದ್ರ ಖರೆ ಇರಬೇಕು. ಆತು, ಜಪಾನಕ್ಕ ಹೋಗೂಣು."

ಜನವರಿ ಬಂತು. ಫ್ರಾನ್ಸಿನ ಮೇಳದ ವಿಡಿಯೋಗಳನ್ನು ಅಕ್ಕ ಮೊಬೈಲಿನಲ್ಲಿ ನೋಡಿದಳು. ಮಂಜು ಬಿದ್ದ ಬೀದಿ, ಮೇಜುಗಳ ಹಿಂದೆ ತಲೆ ತಗ್ಗಿಸಿ ಬರೆಯುವ ಮುದುಕರು, ಎದುರಿಗೆ ಪಾಳಿ ಹಚ್ಚಿ ನಿಂತ ಜನ. ಮಾರ್ಚಿನಲ್ಲಿ ಮತ್ತೆ ಹುಬ್ಬಳ್ಳಿಗೆ ಹೋದೆವು. ಹೊಸ ಕಾಗದದಲ್ಲಿ ಬಿಳಿ ಮಚ್ಚೆ ಹುಣಸೆ ಬೀಜದಷ್ಟಾಗಿತ್ತು. ಆಗಸ್ಟಿಗೆ ಇಷ್ಟಾದರೂ ಇರುತ್ತದೆಯೇ ಎಂದು ಕೇಳಿದೆ. ಇರಬಹುದು ಎಂದರು ಡಾಕ್ಟರು. ಮುಂದಿನ ಜನವರಿಗೆ ಎಂದು ಕೇಳಲು ಆಗ ಕಾರಣವಿರಲಿಲ್ಲ.

ಯುಗಾದಿ ಮುಗಿದ ಮೇಲೆ ಬೆಟಗೇರಿಗೆ ಹೋದೆ. ನಮ್ಮ ಮನೆತನದಲ್ಲಿ ಇನ್ನೂ ಮಗ್ಗದ ಮೇಲೆ ಕೂರುವವನು ಕಾಕಾ ಒಬ್ಬನೇ, ಅಪ್ಪನ ತಮ್ಮ. ಜಪಾನಿನಲ್ಲಿ ತೋರಿಸಲೆಂದು ಗ್ರಾಫ್ ಹಾಳೆಗೆ ಲ್ಯಾಮಿನೇಶನ್ ಮಾಡಿಸಿದ್ದೆ. ಅದನ್ನು ಕಾಕಾನಿಗೂ ತೋರಿಸುವ ಹುಕಿ. ಲಾಳಿ ಕೆಳಗಿಟ್ಟು, ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡ. ಬಹಳ ಹೊತ್ತು ನೋಡಿದ.

"ನಿಮ್ಮ ಅಕ್ಕನ ಕೈ ಅಂದ್ರ ಕೈ," ಅಂದ. "ಎಷ್ಟ ಚಂದ ತಿರುವ್ಯಾಳ ನೋಡು. ಒಂದ ಮನಿ ತಪ್ಪಿಲ್ಲ."

ತಿರುವಿದಳು ಎಂದರೇನು ಎಂದು ಕೇಳಿದೆ. ಕಾಕಾ ನನ್ನ ಮುಖ ನೋಡಿದ.

"ಏನಲೇ ಪ್ರೊಫೆಸರ, ನಿಮ್ಮಪ್ಪನ ಮಗ್ಗದ ಬುಡಕ ಕನ್ನಡಿ ಹಿಡದಾವ ನೀನ. ನನ್ನ ಕೇಳ್ತಿ?"

ಮಗ್ಗದ ಕೆಳಗಿನಿಂದ ಕನ್ನಡಿಯ ತುಂಡು ತೆಗೆದು ಹಾಳೆಯ ಪಕ್ಕಕ್ಕೆ ಹಿಡಿದ. ನಮ್ಮ ಮನೆಯ ದಡಿಯನ್ನು ಬೋರಲು ನೇಯುತ್ತಿದ್ದರು. ನೇಯುವವನ ಕಣ್ಣ ಮುಂದೆ ಇರುವುದು ಬಟ್ಟೆಯ ಬೆನ್ನು, ಮುಖ ಕೆಳಗೆ. ಆದ್ದರಿಂದ ಗ್ರಾಫ್ ಬರೆಯುವಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ತಿರುವಿ ಬರೆಯಬೇಕು. ಆಗ ಸೀರೆಯ ಮೇಲೆ ಹಕ್ಕಿ ಸರಿಯಾದ ಕಡೆಗೆ ಮುಖ ಮಾಡುತ್ತದೆ. ಸರಿ ಬಂದಿದೆಯೇ ಎಂದು ನೋಡಲು ಕೆಳಗೊಂದು ಕನ್ನಡಿ. ಹನ್ನೆರಡು ವರ್ಷದ ಅಕ್ಕನಿಗೆ ಗ್ರಾಫ್ ಹಾಳೆ ಕೊಟ್ಟರೆ ಆಕೆಯ ಕೈ ತಾನಾಗಿಯೇ ತಿರುವಿ ಬರೆಯುತ್ತಿತ್ತು. ಇದ್ದ ಹಾಗೆ ತೆಗೆಯುವುದೆಂದರೆ ಆಕೆಗೆ ಅದೇ.

ಕನ್ನಡಿಯಲ್ಲಿ ಹುಡುಗಿ ಎಡದಿಂದ ಬಲಕ್ಕೆ ಮೆಟ್ಟಿಲು ಹತ್ತಿದಳು. ಕಂದೀಲು ಬಲಗೈಯಲ್ಲಿತ್ತು.

ಇದು ಮರೆಯುವಂಥ ವಿಷಯವಲ್ಲ. ವರ್ಷಗಟ್ಟಲೆ ಆ ಕನ್ನಡಿ ಹಿಡಿದು ಮೊಣಕೈ ನೋಯಿಸಿಕೊಂಡವನು ನಾನು. ಊರಿನ ಬೇರೆ ಯಾವ ನೇಕಾರನ ಮಗನೂ ಈ ತಪ್ಪು ಮಾಡುತ್ತಿರಲಿಲ್ಲ. ಓದದೇ ಇದ್ದಿದ್ದರೆ ನಾನೂ ಮಾಡುತ್ತಿರಲಿಲ್ಲವೇನೋ. ಹೀಗೆ ಅಂದುಕೊಳ್ಳುವುದೂ ಒಂದು ಸಮಾಧಾನವೇ. ಅದನ್ನೂ ನಾನು ನಂಬುವುದಿಲ್ಲ.

ಅಕ್ಕನಿಗೆ ಹೇಳದೆ ಜಪಾನಿಗೆ ಕರೆದೊಯ್ದುಬಿಡಬಹುದು ಎಂಬ ಯೋಚನೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಬಂತು. ಅಲ್ಲಿ ಮೇಜಿನಿಂದ ಮೇಜಿಗೆ ಆಕೆಯ ಕೈಹಿಡಿದು ನಡೆಸುವುದು, ಯಾರಿಗೂ ಗುರುತು ಸಿಗದ ಹುಡುಗಿಯನ್ನು ತೋರಿಸುವುದು, ಸಿಗಲಿಲ್ಲ ಬಿಡು ಎನ್ನುವುದು. ಇಳಿಯುವ ತನಕ ಆ ಯೋಚನೆ ಬಿಡಲಿಲ್ಲ. ಆದರೆ ಮನೆಗೆ ಹೋದಾಗ ಅಕ್ಕ ಬಾಗಿಲಲ್ಲಿ ಕೂತು ಅಳಿಸದ ಹೊಸ ಪೆನ್ನಿನಿಂದ ನೋಟ್‌ಬುಕ್ಕಿನಲ್ಲಿ ಆ ಹುಡುಗಿಯ ಮುಖ ಬರೆಯುತ್ತಿದ್ದಳು. ಮೇಳಕ್ಕೆ ಅಭ್ಯಾಸವಂತೆ. ಮೂಗು ಒಂದು ಕಡೆ, ಕಣ್ಣು ಒಂದು ಕಡೆ ಬಿದ್ದಿದ್ದವು. ಎಲ್ಲ ಹೇಳಿಬಿಟ್ಟೆ.

ಆಕೆ ಬೈಯಲಿಲ್ಲ. ಪೆನ್ನಿಗೆ ಟೊಪ್ಪಿಗೆ ಹಾಕಿದಳು.

"ಹಂಗಾದ್ರ ಅಕ್ಷರದ ಮ್ಯಾಲೆ ಟೊಪಗಿ ಇತ್ತು," ಅಂದಳು. ಅಷ್ಟು ತಿಂಗಳು ಅದು ತನ್ನ ಭ್ರಮೆ ಎಂದೇ ನಂಬಿಕೊಂಡಿದ್ದಳು.

ಜಪಾನಿನ ಟಿಕೆಟ್ ರದ್ದು ಮಾಡಿಸೋಣ, ಬರುವ ಜನವರಿಗೆ ಫ್ರಾನ್ಸಿಗೆ ಹೋಗೋಣ ಎಂದೆ. ಒಳಗಿನಿಂದ ಮಾವ ಕೆಮ್ಮಿದರು. ಜನವರಿಗೆ ಆ ಹುಣಸೆ ಬೀಜದಷ್ಟೂ ಉಳಿದಿರಲಾರದು.

"ಜನವರಿಗೆ ನೀ ಹೋಗು," ಅಂದಳು ಅಕ್ಕ. "ಆಕಿನ್ನ ನೋಡಿ ಬಂದು ನನಗ ಹೇಳು."

ಕಾಕಾನ ಕನ್ನಡಿಯ ತುಂಡನ್ನು ತಂದಿದ್ದೆ. ಅಕ್ಕ ಒಂದು ಕೈಯಲ್ಲಿ ಹಾಳೆ, ಒಂದು ಕೈಯಲ್ಲಿ ಕನ್ನಡಿ ಹಿಡಿದು ಹುಡುಕಿದಳು. ಹಾಳೆ ಕಂಡರೆ ಕನ್ನಡಿ ಕಾಣುತ್ತಿರಲಿಲ್ಲ. ಕನ್ನಡಿ ಸಿಕ್ಕಿತು ಎನ್ನುವಷ್ಟರಲ್ಲಿ ಅದರೊಳಗೆ ಬರೀ ತನ್ನ ಗಲ್ಲವೋ ಸೀರೆಯೋ ಇರುತ್ತಿತ್ತು. ಸುಮಾರು ಹೊತ್ತು ಹೀಗೆ ಮಾಡಿ ಎರಡನ್ನೂ ನನ್ನ ಕೈಗೆ ಕೊಟ್ಟಳು.

"ನೀನ ನೋಡಿ ಹೇಳು. ಕಂದೀಲು ಯಾವ ಕೈಯಾಗೈತಿ?"

ಬಲಗೈಯಲ್ಲಿ ಎಂದೆ.

"ಖರೆ?"

ಹೌದು ಎನ್ನಲು ಬಾಯಿ ತೆರೆದವನು, ಮತ್ತೊಮ್ಮೆ ಕನ್ನಡಿ ಸರಿಮಾಡಿ ಹಿಡಿದು ನೋಡಿದೆ.