ದವಡೆಯ ಗಡ್ಡೆ, ತೆಲುಗಿನ ಗಡ್ಡ

ನಮ್ಮ ದೊಡ್ಡವನೇ, ನಡುವಿನವಳೇ, ಪುಟ್ಟೀ, ನನ್ನ ಎಡಗೆನ್ನೆ ಯಾಕೆ ಒಳಗೆ ಹೋಗಿದೆ ಎಂದು ಮೊನ್ನೆ ಕೇಳಿದಿರಿ. ಎದುರಿಗೆ ಹೇಳಲು ನಾಚಿಕೆಯಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಕಂಪ್ಲಿಯಿಂದ ಹೊಸಪೇಟೆಗೆ ಸೊಸೆಯಾಗಿ ಬಂದ ಮರುವರ್ಷ ಆ ದವಡೆ ಊದತೊಡಗಿತು. ನೋವಿರಲಿಲ್ಲ. ಸದಾ ಎಲೆ ಅಡಿಕೆ ಒತ್ತಿಕೊಂಡವಳ ಹಾಗೆ ಕಾಣುತ್ತಿದ್ದೆ. ಸಂಡೂರಿನ ಕಡೆಯ ನಾಟಿ ವೈದ್ಯರ ಲೇಪದಿಂದ ಚರ್ಮ ಸುಲಿಯಿತೇ ಹೊರತು ಊತ ಇಳಿಯಲಿಲ್ಲ. ನಮ್ಮತ್ತೆಯ ಅಕ್ಕ ಬಾಯಿಯ ಹುಣ್ಣಿನಿಂದ ಸತ್ತಿದ್ದರು. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ, ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು. ಕಡೆಗೆ ಅತ್ತೆ ಮಗನಿಗೆ, "ತವರಿಗೆ ಕಳಸಪ್ಪಾ, ಅವ್ವನ ಹತ್ರ ನಾಕು ದಿನ ಇರಲಿ" ಎಂದರು. ಹೋದರೆ ತಿರುಗಿ ಈ ಮನೆಗೆ ಬರುವುದಿಲ್ಲ ಎಂದು ನನಗೆ ಅನ್ನಿಸಿತು.

ನಿಮ್ಮ ಅಜ್ಜ ರೊಟ್ಟಿ ಮುರಿಯುತ್ತಿದ್ದರು. ತಲೆ ಎತ್ತದೆ, ಮೊದಲು ಬಳ್ಳಾರಿಯ ಡಾಕ್ಟರಿಗೆ ತೋರಿಸುತ್ತೇನೆ ಎಂದರು.

ರೈಲಿನಲ್ಲಿ ನಾನು ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಕೂತಿದ್ದೆ. ಅವರು ಬಾಳೆಹಣ್ಣನ್ನು ಎಲೆಯ ಚೂರಿನ ಮೇಲೆ ಹಿಸುಕಿ, ನನ್ನ ಕಡೆ ಸರಿಸಿದರು. ನಾಲ್ಕು ಜನರೆದುರು ಹೆಂಡತಿಗೆ ಹಾಗೆ ಮಾಡುವ ಗಂಡಸರು ಆಗ ಇರಲಿಲ್ಲ.

ಡಾಕ್ಟರು ತೆಲುಗಿನವರು. ದವಡೆ ಒತ್ತಿ ನೋಡಿ, ಎಲುಬಿನ ಫೋಟೋ ತೆಗೆಸಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎಲುಬಿನೊಳಗೆ ಅಕ್ಕಿನುಚ್ಚು ಸುರಿದಂತೆ ಬಿಳಿ ಕಾಳುಗಳು. ಇಂಥದ್ದು ಅಪರೂಪವೆಂದು ಬೇರೆ ಡಾಕ್ಟರುಗಳನ್ನೂ ಕರೆದು ತೋರಿಸಿದರು. ಆಮೇಲೆ ಅಜ್ಜನಿಗೆ ಬಹಳ ಹೊತ್ತು ತೆಲುಗಿನಲ್ಲಿ ಹೇಳಿದರು. ತೆಲುಗು ಬಾರದ ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು: "ಚೆಡ್ಡ ಗಡ್ಡ ಕಾದು." ಅದನ್ನು ಕೇಳಿದ್ದೇ ಅಜ್ಜ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡರು. ಅದನ್ನು ಕಂಡು, ನನಗೆ ಕೆಟ್ಟದ್ದೇ ಕಾದಿದೆ ಎಂದುಕೊಂಡೆ.

ಹೊರಗೆ ಬೇವಿನ ಮರದ ಕೆಳಗೆ ಬಂದ ಮೇಲೆ ಧೈರ್ಯ ಮಾಡಿ ಕೇಳಿದೆ. "ಎಷ್ಟು ದಿನ ಕಾಯಬೇಕಂತ್ರಿ, ಗಡ್ಡ ಬರಾಕ?"

"ಯಾರಿಗೆ ಗಡ್ಡ?"

"ನನಗರೀ. ಗಡ್ಡ, ಕಾದು ಅಂದ್ರಲ್ಲ."

ಅವರು ನನ್ನನ್ನೇ ನೋಡಿದರು. ಆಮೇಲೆ ಮರಕ್ಕೆ ಒರಗಿ ನಗತೊಡಗಿದರು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರೂ ನಿಲ್ಲಿಸಲಿಲ್ಲ.

"ಲೇ ಹುಚ್ಚೀ, ತೆಲುಗಿನಾಗ ಗಡ್ಡ ಅಂದ್ರ ಗಡ್ಡಿ. ಕಾದು ಅಂದ್ರ ಅಲ್ಲ. ಕೆಟ್ಟ ಗಡ್ಡಿ ಅಲ್ಲಂತ. ನೀ ಸಾಯಂಗಿಲ್ಲ."

ಹುಟ್ಟಬೇಕಾದ ಹಲ್ಲೊಂದು ಮೇಲೆ ಬಾರದೆ, ಎಲುಬಿನೊಳಗೇ ಸಣ್ಣ ಸಣ್ಣ ಹಲ್ಲುಗಳ ಗೊಂಚಲಾಗಿತ್ತಂತೆ. ಕೊಯ್ದು ತೆಗೆದರೆ ಮತ್ತೆ ಬೆಳೆಯುವುದಿಲ್ಲ ಎಂದಿದ್ದರಂತೆ. ಹಾಗೆಯೇ ತೆಗೆದರು, ಮತ್ತೆ ಬೆಳೆಯಲಿಲ್ಲ; ಆ ಕಡೆಯ ಕೆನ್ನೆ ಮಾತ್ರ ಒಳಗೆ ಹೋಯಿತು. ಗಾಯ ಮಾಯುವವರೆಗೆ ಅಜ್ಜ ಗಂಜಿ ಆರಿಸಿ ಕೊಡುತ್ತಾ, "ಕ್ಷೌರದವನ್ನ ಕರೀಲೇನು?" ಎಂದು ಕೆಣಕುತ್ತಿದ್ದರು. ನಗಬಾರದೆಂದು ಡಾಕ್ಟರು ಹೇಳಿದ್ದರು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಗುತ್ತಿದ್ದೆ.

ಸಾಯುವುದಿಲ್ಲ ಎಂದು ನನಗೆ ಹೇಳಿದವರು ತಾವೇ ಬೇಗ ಹೋದರು. ಈಗಲೂ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಆ ಬೇವಿನ ಕೆಳಗಿನ ನಗು ಇನ್ನೊಮ್ಮೆ ಕೇಳಬೇಕು ಅನ್ನಿಸುತ್ತದೆ. ಕಿವಿಗೊಟ್ಟು ಕೂಡುತ್ತೇನೆ. ಅಜ್ಜನದೊಂದು ಚಿತ್ರವೂ ನಮ್ಮಲ್ಲಿಲ್ಲ. ಮಕ್ಕಳೇ, ಈ ಹಾಳೆಗಳನ್ನು ಗೆದ್ದಲು ಹತ್ತದ ಕಡೆ ಇಡಿ.