ಹೊಲಿಗೆಯಜ್ಜಿಯ ಹೊಟ್ಟೆಕಿಚ್ಚು

ಹೊಲಿಗೆಯಜ್ಜಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಎದುರುಮನೆಯವರು ಕಿಟಕಿಯ ಪರದೆಗಳನ್ನು ಬೇರೆ ಯಾರಿಂದಲೋ ಹೊಲಿಸಿದರೆಂದು ಒಂದಿಡೀ ಬೇಸಿಗೆ ಆ ಕಡೆ ಮುಖ ಹಾಕದ ಹೆಂಗಸು. ಆದರೆ ಈ ವಯಸ್ಸಿನಲ್ಲಿ ಒಂದು ಬೆಕ್ಕನ್ನು ನೋಡಿ ಹೊಟ್ಟೆ ಉರಿದುಕೊಳ್ಳುವ ಕಾಲ ಬರುತ್ತದೆಂದು ಅವರೂ ಎಣಿಸಿರಲಿಲ್ಲ.

ಬೀದಿಯ ಕಡೆಗಿನ ಕೋಣೆಯಲ್ಲಿ ಅವರ ಹೊಲಿಗೆ ಮೆಷಿನ್ ಇತ್ತು. ಅದನ್ನು ತುಳಿದೇ ಮಗನನ್ನು ಸಾಕಿದ್ದು. ಈಗ ಮಗ ಬಸ್ ಓಡಿಸುತ್ತಾನೆ, ಸೊಸೆ ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತದೆ, ಹಾಗಾಗಿ ಶಾಲೆಯಿಂದ ಬರುವ ಮೊಮ್ಮಗಳು ಸಂಜೆಯೆಲ್ಲ ಅಜ್ಜಿಯ ಪಾಲು. ಬಂದವಳೇ ಚೀಲ ಬಿಸಾಕಿ, "ಅಜ್ಜಿ, ಮೆಷಿನ್ ನಿಲ್ಸು" ಅನ್ನುತ್ತಿದ್ದಳು. ಮಗ ಕರೆದರೂ ಹಿಡಿದ ಹೊಲಿಗೆ ಮುಗಿಸದೆ ತಲೆ ಎತ್ತದ ಅಜ್ಜಿ, ಇವಳ ಮಾತಿಗೆ ಮಾತ್ರ ಅರ್ಧದಲ್ಲೇ ಚಕ್ರಕ್ಕೆ ಕೈ ಅಡ್ಡ ಹಿಡಿಯುತ್ತಿದ್ದರು. ಆಮೇಲೆ ಶುರು: ಯಾರ ಪೆನ್ಸಿಲ್ ಕಳವಾಯಿತು, ಟೀಚರ್ ಯಾರನ್ನು ಬೆಂಚಿನ ಮೇಲೆ ನಿಲ್ಲಿಸಿದರು, ಯಾರು ಯಾರ ಜೊತೆ ಟೂ ಬಿಟ್ಟರು. ಅಜ್ಜಿಗೆ ದಿನ ಸಾರ್ಥಕವಾಗುತ್ತಿದ್ದದ್ದು ಆಗಲೇ.

ಅಷ್ಟರಲ್ಲಿ ಮಗ ಬಸ್ ಡಿಪೋದಿಂದ ಒಂದು ಬೂದು ಬಣ್ಣದ ಬೆಕ್ಕಿನ ಮರಿ ತಂದ. ಮಗು ಅದಕ್ಕೆ ಬೂದಿ ಎಂದು ಹೆಸರಿಟ್ಟಳು. ಅಂದಿನಿಂದ ಶಾಲೆಯ ಸುದ್ದಿಯೆಲ್ಲ ಬೂದಿಯ ಕಿವಿಗೆ, ಅದೂ ಪಿಸುಮಾತಿನಲ್ಲಿ. ಮೆಷಿನ್ ನಿಲ್ಲಿಸು ಎನ್ನುವವರೇ ಇಲ್ಲ. ಏನೇ ಅದು ಎಂದು ಅಜ್ಜಿ ಕೇಳಿದರೆ ಏನಿಲ್ಲ ಎಂಬ ಉತ್ತರ. ನಿನ್ನೆ ಮೊನ್ನೆ ಬಂದ ಬೆಕ್ಕಿಗೆ ಒಳಮನೆ, ಹೆತ್ತಪ್ಪನನ್ನೇ ಹೆತ್ತವಳಿಗೆ ಹೊಸಿಲಾಚೆ! ಅಜ್ಜಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಸೊಸೆ ನಗುತ್ತಾ, ಬೆಕ್ಕಿನ ಜೊತೆ ಸವತಿ ಮತ್ಸರವೇ ಅತ್ತೆ ಎಂದಾಗಲಂತೂ ಮೈಯೆಲ್ಲ ಉರಿದುಹೋಯಿತು.

ಅಜ್ಜಿ ಒಂದು ಉಪಾಯ ಹೂಡಿದರು. ಬೆಕ್ಕು ಎಲ್ಲೋ ಮಗು ಅಲ್ಲಿ. ಬೆಕ್ಕನ್ನು ತನ್ನ ತೊಡೆಗೆ ಎಳೆದರೆ ಮಗು ತಾನಾಗಿ ಹಿಂದೆ ಬರುತ್ತಾಳೆ. ಹೊಲಿಯುವಾಗ ತೊಡೆಯ ಮೇಲೆ ಹಾಸಿಕೊಳ್ಳುವ ಹಳೆಯ ಬಟ್ಟೆಯೊಂದಿತ್ತಲ್ಲ, ಅದಕ್ಕೆ ಮೀನು ಹುರಿದ ಎಣ್ಣೆಯನ್ನು ಚೂರೇ ಚೂರು ಸವರಿದರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ, ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡರು. ಹೊಲಿಯಲು ಕೊಟ್ಟಿದ್ದ ಶಾಲೆಯ ಅಂಗಿಗಳನ್ನು ಗಿರಾಕಿಯೊಬ್ಬಳು ಮೂಸಿ ನೋಡಿ, ಇದನ್ನು ಮೀನಂಗಡಿಯಲ್ಲಿ ಕೂತು ಹೊಲಿದಿರಾ ಎಂದು ಕೇಳಿಬಿಟ್ಟಳು. ಕೈಕೆಲಸಕ್ಕೆ ಯಾರಿಂದಲೂ ಮಾತು ಕೇಳದವರು ಅದನ್ನೂ ನುಂಗಿಕೊಂಡರು.

ಬೂದಿ ಮಾತ್ರ ಮೋಸ ಮಾಡಲಿಲ್ಲ. ಅಜ್ಜಿಯ ತೊಡೆಯನ್ನೇ ಮನೆ ಮಾಡಿಕೊಂಡಿತು. ಮಗು ಕರೆದರೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತಿತ್ತು. ಅಜ್ಜಿ ಗೆದ್ದೆನೆಂದು ಒಳಗೊಳಗೇ ಬೀಗಿದರು. ಆದರೆ ಮಗು ಹಿಂದೆ ಬರಲಿಲ್ಲ. ಶಾಲೆಯಿಂದ ಬಂದವಳು ಸೀದಾ ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗತೊಡಗಿದಳು. ಬೆಕ್ಕಿಗೂ ಮಾತಿಲ್ಲ, ಅಜ್ಜಿಗೂ ಇಲ್ಲ.

ಕೊನೆಗೊಂದು ಸಂಜೆ ಬಂದು ಮೆಷಿನ್ ಪಕ್ಕ ನಿಂತಳು. ಕಣ್ಣು ಕೆಂಪಗಿತ್ತು.

"ಅಜ್ಜಿ, ಬೂದಿಗೆ ನಾನು ಬೇಡ ಅಂತೆ. ನಾನೇನು ಮಾಡ್ದೆ ಅದಕ್ಕೆ?"

ಇಷ್ಟು ದಿನ ಕಾದಿದ್ದದ್ದು ಇದಕ್ಕೇ, ಮಗು ಬಂದು ತನ್ನ ಹತ್ತಿರ ಹೇಳಿಕೊಳ್ಳಲಿ ಎಂದು. ಹೇಳಿಕೊಂಡಳು ನಿಜ, ಆದರೆ ಆ ಮಾತು ಅಜ್ಜಿಯದೇ ಆಗಿತ್ತು. ಇಷ್ಟು ದಿನ ತಾನು ಯಾರಿಗೂ ಹೇಳಲಾರದೆ ಹೊತ್ತು ತಿರುಗಿದ ನೋವೇ ಆ ಪುಟ್ಟ ಬಾಯಿಂದ ಬಂದಿತ್ತು. ನೀನೇನೂ ಮಾಡಿಲ್ಲ ಕಂದಾ, ಮಾಡಿದ್ದೆಲ್ಲ ಈ ಮುದುಕಿಯ ಹೊಟ್ಟೆಕಿಚ್ಚು ಎಂದು ಎಣ್ಣೆಯ ಕತೆಯನ್ನೂ ಬಾಯಿಬಿಟ್ಟರು. ಮಗು ಬಟ್ಟೆ ಮೂಸಿ ಮೂಗು ಮುಚ್ಚಿಕೊಂಡಳು. ಅಜ್ಜಿ ಬಟ್ಟೆಯನ್ನು ಬೆಕ್ಕಿನ ಸಮೇತ ಎತ್ತಿ ಅವಳ ತೊಡೆಗೆ ಹಾಕಿದರು. ತೊಡೆ ಬದಲಾದದ್ದು ಬೂದಿಗೆ ಗೊತ್ತೂ ಆಗಲಿಲ್ಲ.

ಮಗು ಮೆಷಿನ್ನಿನ ಬುಡದಲ್ಲೇ ಕೂತು ಬೆಕ್ಕಿನ ಕಿವಿಗೆ ಬಾಯಿಟ್ಟಳು. ಮತ್ತೆ ಅದೇ ಪಿಸುಪಿಸು. ಅಜ್ಜಿಯ ಹೊಟ್ಟೆಯೊಳಗೆ ಹಳೇ ಕಿಚ್ಚು ಇನ್ನೂ ಆರಿರಲಿಲ್ಲ. ಕೇಳಿಸಿಕೊಳ್ಳಬಾರದೆಂದು ಜೋರಾಗಿ ಮೆಷಿನ್ ತುಳಿದರು.

ಮಗು ತಲೆ ಎತ್ತಿದಳು. "ಅಜ್ಜಿ, ಮೆಷಿನ್ ನಿಲ್ಸು. ಬೂದಿಗೆ ಕೇಳಿಸ್ತಿಲ್ಲ."

ಅಜ್ಜಿ ಅರ್ಧ ಹೊಲಿಗೆಯಲ್ಲೇ ಚಕ್ರಕ್ಕೆ ಕೈ ಅಡ್ಡ ಹಿಡಿದರು.