ಚೀಟಿಯಲ್ಲಿದ್ದ ಆ ಒಂದು ಪದ

ಎರಡು ವರ್ಷದ ಹಿಂದೆ, ಗೌರಿ ಹಬ್ಬ ಕಳೆದ ವಾರ. ಬೆಳಿಗ್ಗೆ ಕಾಫಿ ಲೋಟ ಎತ್ತಲು ಹೋದೆ, ಬಲಗೈ ಮಾತೇ ಕೇಳಲಿಲ್ಲ. ಬಾಯಿಯೂ ಸೊಟ್ಟಗಾಗಿತ್ತು. ಎದುರು ಮನೆಯವರು ಆಟೋದಲ್ಲಿ ಕರೆದೊಯ್ದು ಆಸ್ಪತ್ರೆಗೆ ಸೇರಿಸಿದರು.

ದೊಡ್ಡಬಳ್ಳಾಪುರದ ಸೀರೆ ಮಗ್ಗಗಳಲ್ಲಿ ಹಳೆಯ ಎಳೆಗೆ ಹೊಸ ಎಳೆ ಹೊಸೆದು ಸೇರಿಸುವುದು ನನ್ನ ಕೆಲಸ. ಗಂಡ ತೀರಿಹೋಗಿ ಎಂಟು ವರ್ಷ, ಮಕ್ಕಳಿಲ್ಲ. ಹತ್ತು ದಿನ ಬಿಟ್ಟು ಮನೆಗೆ ಬಂದರೆ ಬೀದಿಯಲ್ಲೆಲ್ಲ ಒಂದೇ ಮಾತು: "ಲಕ್ವ ಹೊಡೆದಿದೆ, ಇನ್ನು ಆ ಕೈ ಬರಲ್ಲ." ಮೊದಮೊದಲು ನೋಡಲು ಬಂದವರು ಆಮೇಲೆ ಬರುವುದನ್ನೇ ಬಿಟ್ಟರು. ಎಡಗೈಯಲ್ಲಿ ಊಟ ಮಾಡುವುದನ್ನು ಯಾರಾದರೂ ನೋಡಿಯಾರೆಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಎಷ್ಟೋ ದಿನ ಒಂದು ಮಾತೂ ಆಡದೆ ಮಲಗಿದ್ದುಂಟು.

ಕೈಗೆ ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಬೇಕಿತ್ತು. ಒಂದು ದಿನ ಬೆಂಚಿನ ಮೇಲೆ ನನ್ನ ಪಕ್ಕ ಬುರ್ಖಾ ತೊಟ್ಟ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಇಲ್ಲೇ ಹತ್ತಿರದ ವಿಜಯಪುರದವರು, ಇಂಗ್ಲಿಷ್ ಟೀಚರಾಗಿ ರಿಟೈರ್ ಆದವರು. ಗಂಡನನ್ನು ಒಳಗೆ ಬಿಟ್ಟು ಕಾಯುತ್ತಿದ್ದರು. ನನ್ನ ಚೀಟಿ ಕೇಳಿ ಓದಿದರು.

"ಹೆಮಿಪ್ಯಾರೆಸಿಸ್. ಇದರ ಅರ್ಥ ಯಾರೂ ಹೇಳಿಲ್ವೇನಮ್ಮಾ?"

"ಲಕ್ವ ಅಂತಾರೆ ಮೇಡಂ. ಕೈ ಹೋಯ್ತು ಅಂತಾರೆ."

"ಹೋಗಿಲ್ಲಮ್ಮಾ. ಹೆಮಿ ಅಂದ್ರೆ ಅರ್ಧ, ಮೈಯ ಒಂದು ಪಕ್ಕ. ಪ್ಯಾರೆಸಿಸ್ ಗ್ರೀಕರ ಮಾತು. ಹಿಡಿತ ಸಡಿಲ ಬಿಡೋದು ಅಂತ. ಶಕ್ತಿ ಕಮ್ಮಿಯಾಗಿದೆ, ಅಷ್ಟೇ. ಎಲ್ಲಿ, ನನ್ನ ಬೆರಳು ಹಿಡ್ಕೊಳ್ಳಿ."

ಮನೆಗೆ ಬಂದ ಮೇಲೆ ಆ ಕೈಯನ್ನು ಅಕ್ಕರೆಯಿಂದ ಯಾರೂ ಮುಟ್ಟಿರಲಿಲ್ಲ. ಹಲ್ಲುಕಚ್ಚಿ ಹಿಡಿದೆ.

"ಗೊತ್ತಾಗ್ತಿದೆ! ಹಿಡಿದ್ರಿ ನೋಡಿ!" ಎಂದು ನಕ್ಕರು. ನಾನು ಅತ್ತುಬಿಟ್ಟೆ. "ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಮೇಡಂ?" ಎಂದೆ.

"ನಮ್ಮ ಯಜಮಾನರ ಚೀಟೀಲಿ ಹೆಮಿಪ್ಲೀಜಿಯಾ ಅಂತ ಬರೆದಿದ್ರು. ಡಿಕ್ಷನರಿ ತೆಗೆದೆ. ಪ್ಲೀಜಿಯಾ ಅಂದ್ರೆ ಏಟು. ಆ ಪಕ್ಕ ಒಂಚೂರೂ ಆಡಲ್ಲ. ಡಾಕ್ಟ್ರು ತಪ್ಪಿ ಬರೆದಿರಬಹುದು, ಪ್ಯಾರೆಸಿಸ್ ಇರಬಹುದು ಅಂತ ಅದನ್ನೂ ಹುಡುಕಿದ್ದೆ. ಡಾಕ್ಟ್ರು ತಪ್ಪಿರಲಿಲ್ಲ."

ಅಷ್ಟರಲ್ಲಿ ಅವರ ಗಂಡನನ್ನು ಗಾಲಿ ಕುರ್ಚಿಯಲ್ಲಿ ಕರೆತಂದರು. ಜೋತುಬಿದ್ದಿದ್ದ ಅವರ ಕೈಯನ್ನು ಆಕೆ ಮೆಲ್ಲಗೆ ಎತ್ತಿ ತೊಡೆಯ ಮೇಲಿಟ್ಟು, ನನ್ನತ್ತ ತಲೆಯಾಡಿಸಿ ಹೊರಟರು. ಹೆಸರು ಕೇಳಲಿಲ್ಲ. ಮತ್ತೆ ಅವರು ಸಿಗಲೂ ಇಲ್ಲ.

ಆರು ತಿಂಗಳಿಗೆ ನಾನು ಮಗ್ಗದ ಮನೆಗೆ ವಾಪಸ್ ಹೋದೆ. ಈಗಲೂ ಮನೆಯಲ್ಲಿ ಒಬ್ಬಳೇ. ಆ ಮೇಡಂ ತಮ್ಮ ಗಂಡನಿಗೆ ಸಿಗಲೆಂದು ಹುಡುಕಿದ ಅರ್ಥವನ್ನು, ಅದು ಅವರಿಗಲ್ಲವೆಂದು ತಿಳಿದ ಮೇಲೂ, ಗುರುತಿಲ್ಲದ ನನಗೆ ನಗುನಗುತ್ತಾ ಕೊಟ್ಟರಲ್ಲ, ಇವತ್ತಿಗೂ ಎಳೆ ಹೊಸೆಯುವಾಗ ಅದನ್ನೇ ನೆನೆಯುತ್ತೇನೆ.